ಎರಡು ಮಹಡಿ ಕೆಳಗೆ

ಫೆಬ್ರವರಿ 9

ಪ್ರೀತಿಯ ಪಟಾಕಿ,

ನೀನು ಮನೆ ಸೇರಿ ಹತ್ತು ದಿನವಾಯಿತು. ಹೊಟ್ಟೆಯ ಹೊಲಿಗೆ ಒಣಗಿದೆಯೇ? ಭಾರ ಎತ್ತಬೇಡ. ಬೈಂಡಿಂಗ್ ಅಂಗಡಿಯವರು ಎಷ್ಟೇ ಹೇಳಿ ಕಳಿಸಲಿ, ಆರು ವಾರ ಆಗುವ ತನಕ ಕೆಲಸಕ್ಕೆ ಹೋಗಕೂಡದು. ಆ ಕಾಗದ ಕತ್ತರಿಸುವ ಯಂತ್ರದ ಹಿಡಿ ಎಳೆಯುವುದಂತೂ ಬೇಡವೇ ಬೇಡ. ಇದನ್ನು ಅಕ್ಕನಾಗಿ ಹೇಳುತ್ತಿಲ್ಲ, ನರ್ಸಾಗಿ ಹೇಳುತ್ತಿದ್ದೇನೆ. ಅಕ್ಕನ ಮಾತು ನೀನು ಯಾವತ್ತು ಕೇಳಿದ್ದೀಯ?

ಹೊರಡುವ ದಿನ ಮಗುವಿಗೆ ನೋವಾಯಿತೇ ಅಂತ ಕೇಳಿದೆ. ಸುತ್ತ ಜನರಿದ್ದರು, ನನಗೆ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲ ಕಣೇ, ನೋವಾಗಲಿಲ್ಲ. ಏಳು ತಿಂಗಳಿಗೇ ಹುಟ್ಟಿದ ಮಗು, ಒಂದು ಕೇಜಿಯೂ ತೂಗುತ್ತಿರಲಿಲ್ಲ. ಮೂರು ದಿನ ಯಂತ್ರವೇ ಅವನಿಗಾಗಿ ಉಸಿರಾಡಿತು. ಮೂರನೆಯ ದಿನ ಮಧ್ಯಾಹ್ನ ಎದೆಬಡಿತ ಇಳಿಯಿತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ನಿಂತುಹೋಯಿತು. ಎಲ್ಲ ಒಂದು ಕ್ಷಣದಲ್ಲಿ ಮುಗಿಯಿತು. ನೀನು ಎರಡು ಮಹಡಿ ಕೆಳಗೆ ಹೆಂಗಸರ ವಾರ್ಡಿನಲ್ಲಿದ್ದೆ. ನಿನ್ನನ್ನು ಕರೆಸುವಷ್ಟು ಹೊತ್ತೂ ಇರಲಿಲ್ಲ.

ಅಮ್ಮ ಹೋದಾಗ ನಿನಗೆ ಆರು ವರ್ಷ, ನನಗೆ ಹದಿನಾರು. ಅಂದಿನಿಂದ ನಿನ್ನ ತಲೆ ಬಾಚಿದವಳು ನಾನು. ನಮ್ಮಿಬ್ಬರ ಚರ್ಚು ಬೇರೆಯಾಗಿ ಒಂಬತ್ತು ವರ್ಷವಾಯಿತು, ನಿಜ. ಆ ಮಾತು ಈಗ ಬೇಡ. ನಿಮ್ಮ ಸಭೆಯವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ನಿನ್ನ ಯಜಮಾನರು ಹೇಳಿದರು. ಸಂತೋಷ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕ,

ನಿನ್ನ ಕಾಗದ ಬಂತು. ಹೊಲಿಗೆ ಒಣಗಿದೆ.

‘ಒಂದು ಕ್ಷಣದಲ್ಲಿ ಮುಗಿಯಿತು’ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಹಿಡಿದುಕೊಂಡೇ ದಿನ ದೂಡುತ್ತಿದ್ದೇನೆ. ನಮ್ಮವರು ಲಿಫ್ಟ್ ರಿಪೇರಿಗೆ ಹೋದರೆಂದರೆ ಮನೆಯಲ್ಲಿ ನಾನೊಬ್ಬಳೇ. ಅವನ ಕೊನೆಯ ಹೊತ್ತನ್ನು ಯೋಚಿಸಲು ಶುರು ಮಾಡುತ್ತೇನೆ. ಆಮೇಲೆ ನಿನ್ನ ಸಾಲು ನೆನಪಾಗುತ್ತದೆ, ಎದ್ದು ಪಾತ್ರೆ ತೊಳೆಯುತ್ತೇನೆ.

ಆಸ್ಪತ್ರೆಯ ಕಾಗದದಲ್ಲಿ ‘ಗಂಡು ಮಗು’ ಅಂತ ಮಾತ್ರ ಇದೆ. ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ. ಹೆಸರು ನಾನು ಆರಿಸಿಟ್ಟಿದ್ದೆ. ಮನೆಗೆ ಕರೆತಂದ ಮೇಲೆ ಹೇಳೋಣ ಅಂತ ನಮ್ಮವರಿಗೂ ಹೇಳಿರಲಿಲ್ಲ. ಈಗ ಯಾರಿಗೂ ಹೇಳುವುದಿಲ್ಲ. ಅದೊಂದು ನನ್ನ ಹತ್ತಿರವೇ ಇರಲಿ.

ಅವನ ಕೊನೆಗೆ ನೀನಾದರೂ ಹತ್ತಿರ ಇದ್ದೆಯಲ್ಲ. ಬೇರೆ ಯಾರೋ ಇದ್ದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ.

ನಿನ್ನ ಪಟಾಕಿ


ಆಗಸ್ಟ್ 3

ಅಕ್ಕ,

ಫೋನ್ ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಾದರೆ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಕಾಗದದಲ್ಲಿ ನಿನ್ನ ಅಳು ನನಗೆ ಕೇಳಿಸುವುದಿಲ್ಲ.

ನಿನ್ನೆ ಚಿಕ್ಕಮ್ಮ ಬಂದಿದ್ದರು. ಕಾಫಿ ಕೊಟ್ಟೆ. ಅರ್ಧ ಲೋಟ ಕುಡಿದು ನನ್ನ ಕೈ ಸವರುತ್ತಾ ಅಂದರು: “ಹೋದ ಭಾನುವಾರ ಪೂಜೇಲಿ ತೀರಿಕೊಂಡವರ ಹೆಸರು ಓದಿದ್ರಮ್ಮ. ನಿನ್ನ ಮಗೂದೂ ಓದಿದ್ರು. ಅಜ್ಜನ ಹೆಸರು ಮೊಮ್ಮಗನಿಗೆ ಎಷ್ಟು ಚೆನ್ನಾಗಿ ಹೊಂದ್ತು ನೋಡು.”

“ಯಾವ ಹೆಸರು ಚಿಕ್ಕಮ್ಮ?” ಅಂದೆ.

“ಅದೇ, ನಿಮ್ಮಕ್ಕ ಜ್ಞಾನಸ್ನಾನ ಕೊಟ್ಟಾಗ ಇಟ್ಟಿದ್ದು. ನಿಂಗೆ ಗೊತ್ತಿಲ್ವಾ?” ಅಂದವರೇ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡು ಏನು ಪ್ರಯೋಜನ? ಮಿಕ್ಕದ್ದನ್ನು ಬಿಡಿಸಿ ಬಿಡಿಸಿ ಕೇಳಿದೆ. ಮಗುವಿಗೆ ನೀನು ನೀರು ಹಾಕಿದೆ. ಅಪ್ಪನ ಹೆಸರಿಟ್ಟೆ. ನಿಮ್ಮ ಫಾದರ್ ಹತ್ತಿರ ಹೋಗಿ ಪುಸ್ತಕದಲ್ಲಿ ಬರೆಸಿದೆ. ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ!

ನಮ್ಮ ಸಭೆಯಲ್ಲಿ ಎಳೆಯ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ ಅಂತ ನಿನಗೆ ಗೊತ್ತಿಲ್ಲವಾ? ಬುದ್ಧಿ ಬಂದ ಮೇಲೆ, ತಾನಾಗಿ ನಂಬಿ, ತನ್ನ ಬಾಯಿಂದ ಒಪ್ಪಿಕೊಂಡವರಿಗೆ ಮಾತ್ರ. ಮಗು ಪಾಪ ಅರಿಯದ್ದು, ಅದು ದೇವರದ್ದೇ, ಅದಕ್ಕೆ ಯಾವ ನೀರೂ ಬೇಕಾಗಿಲ್ಲ ಅಂತ ನಾವು ನಂಬುತ್ತೇವೆ. ನಿನ್ನ ನಂಬಿಕೆ ಬೇರೆ ಇರಬಹುದು. ಆದರೆ ಅವನು ನಿನ್ನ ಮಗನಾ? ನೀನು ಮಾಡಿದ್ದರ ಅರ್ಥ ಏನು ಗೊತ್ತಾ? ನಿನ್ನ ಕೈ ತಾಗದೆ ಹೋಗಿದ್ದರೆ ನನ್ನ ಮಗ ದೇವರ ಬಾಗಿಲಲ್ಲಿ ಹೊರಗೆ ನಿಲ್ಲುತ್ತಿದ್ದ ಅಂತ. ಒಂಬೈನೂರು ಗ್ರಾಮಿನ ಮಗುವನ್ನು ಯಾವ ದೇವರು ಹೊರಗೆ ನಿಲ್ಲಿಸುತ್ತಾನೆ? ಅಂಥವನು ನಿನಗೇ ಇರಲಿ.

ನಮ್ಮ ಬೀದಿಯಲ್ಲಿ ನಾಲ್ಕು ಚರ್ಚುಗಳಿವೆ. ಒಬ್ಬರು ಚಿಮುಕಿಸುತ್ತಾರೆ, ಒಬ್ಬರು ಸುರಿಯುತ್ತಾರೆ, ಒಬ್ಬರು ಮುಳುಗಿಸುತ್ತಾರೆ, ನಾಲ್ಕನೆಯವರಿಗೆ ಒಂದು ಸಲ ಸಾಲದು, ಮೂರು ಸಲ ಮುಳುಗಿಸುತ್ತಾರೆ. ಸ್ವರ್ಗದ ಬಾಗಿಲಲ್ಲಿ ಯಾರಾದರೂ ನಿಂತು ತಲೆ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡುತ್ತಾರಾ?

ಮತ್ತೆ ಅಪ್ಪನ ಹೆಸರು! ಸಾಯುವವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದ ಅಪ್ಪನ ಹೆಸರು!

ಆ ಪುಸ್ತಕದಿಂದ ನನ್ನ ಮಗನನ್ನು ತೆಗೆಸು. ಸಹಿ ಹಾಕಲು ನನ್ನ ಹತ್ತಿರ ಹೆಸರಿಲ್ಲ ಈಗ.


ಆಗಸ್ಟ್ 11

ತಂಗಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಎರಡು ಸಲ ಅಳು ಬಂತು. ಮೂರನೆಯ ಸಲ ಸಿಟ್ಟು ಬಂತು. ಬರೆಯುತ್ತಿರುವುದು ಮೂರನೆಯ ಸಲ ಓದಿದ ಮೇಲೆ.

ಹೌದು, ಕೊಟ್ಟೆ. ಅಂಥ ಹೊತ್ತು ಮತ್ತೆ ಬಂದರೆ ಮತ್ತೆ ಕೊಡುತ್ತೇನೆ. ಪ್ರಾಣ ಹೋಗುತ್ತಿರುವ ಮಗುವಿಗೆ ಯಾರು ಬೇಕಾದರೂ ಕೊಡಬಹುದು, ಫಾದರೇ ಬರಬೇಕೆಂದಿಲ್ಲ. ಹತ್ತೊಂಬತ್ತು ವರ್ಷ ಆ ಎಳೆಮಕ್ಕಳ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಎಷ್ಟೋ ಅಮ್ಮಂದಿರು ನನ್ನ ಕೈ ಹಿಡಿದು ಕೇಳಿಕೊಂಡಿದ್ದಾರೆ, ಕೊಟ್ಟಿದ್ದೇನೆ. ನನ್ನ ಸ್ವಂತ ತಂಗಿಯ ಮಗನಿಗೆ ಕೊಡದೆ ಕೈಕಟ್ಟಿ ನಿಲ್ಲಬೇಕಿತ್ತೇ? ನಾನು ಒಡ್ಡೊಡ್ಡಾಗಿ ಏನೂ ಮಾಡಲಿಲ್ಲ. ಇಂಜೆಕ್ಷನ್ನಿಗೆ ಬೆರೆಸುವ ಶುದ್ಧ ನೀರಿನ ಪುಟ್ಟ ಶೀಶೆ ಇರುತ್ತದಲ್ಲ, ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು, ಅವನ ಹಣೆಗೆ ಮೂರು ಸಲ ಹನಿಸಿದೆ. ತಣ್ಣನೆಯ ನೀರು ಬಿದ್ದರೆ ಬೆಚ್ಚಿಬಿದ್ದಾನು ಅಂತ ಅಷ್ಟು ಜೋಪಾನ ಮಾಡಿದೆ. ನೀನೋ ಕಳ್ಳತನ ಮಾಡಿದವಳಂತೆ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದೀಯ.

ನೀನು ಬೇರೆಯವರ ನಂಬಿಕೆ ತುಳಿಯುವ ಮಾತಾಡುತ್ತೀಯಾ? ಒಂಬತ್ತು ವರ್ಷದ ಹಿಂದೆ, ಮದುವೆಗೆ ಒಂದು ವಾರ ಮುಂಚೆ, ನೀನು ಆ ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿ ಎದ್ದು, ಒದ್ದೆ ತಲೆಯಲ್ಲೇ ಮನೆಗೆ ಬಂದು, “ಇವತ್ತು ನಂಗೆ ರಕ್ಷಣೆ ಸಿಕ್ತು” ಅಂದೆ. ಅಪ್ಪ ಅನ್ನದ ತಟ್ಟೆಯ ಮುಂದೆ ಕೂತಿದ್ದರು. “ನಾನು ಎತ್ತಿಕೊಂಡು ಹೋಗಿ ಹಾಕಿಸಿದ ನೀರು ನಿಂಗೆ ಸಾಲಲಿಲ್ವೇನಮ್ಮ?” ಅಂದರು. ನೀನು ಏನಂದೆ ನೆನಪಿದೆಯಾ? “ಅದು ಲೆಕ್ಕಕ್ಕಿಲ್ಲ ಅಪ್ಪ” ಅಂದೆ.

ಅವರು ಆ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅಮ್ಮನಿಲ್ಲದ ಮನೆಯಲ್ಲಿ ಬೆಳಗ್ಗೆ ಐದಕ್ಕೆದ್ದು ನಮ್ಮಿಬ್ಬರ ಡಬ್ಬಿ ಕಟ್ಟಿ, ಆಮೇಲೆ ಬಸ್ಸಿನಲ್ಲಿ ಟಿಕೆಟ್ ಹರಿಯಲು ಹೋಗುತ್ತಿದ್ದ ಮನುಷ್ಯ. ಅವರದೆಲ್ಲ ಲೆಕ್ಕಕ್ಕಿಲ್ಲ. ಅವರು ಮಾತು ಬಿಟ್ಟದ್ದು ಮಾತ್ರ ನಿನಗೆ ಲೆಕ್ಕ.

ಅವರ ಹೆಸರಿಟ್ಟದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

ಅಕ್ಕ


ಆಗಸ್ಟ್ 17

ಅಕ್ಕ,

ಅಪ್ಪನ ವಿಷಯ ಇರಲಿ. ಆ ಜಗಳ ನನ್ನದೂ ಅಪ್ಪನದೂ. ಮಧ್ಯೆ ನೀನು ವಕೀಲಿ ಮಾಡಬೇಡ.

ನಿನ್ನ ಕಾಗದದಲ್ಲಿ ಒಂದು ಸಾಲು ಇದೆ. ಅಂಗಡಿಯಲ್ಲಿ ಪುಸ್ತಕದ ಫಾರಂ ಮಡಿಸುತ್ತಾ ಕೂತಿದ್ದೆ, ಸುಮ್ಮನೆ ಆ ಸಾಲು ತಲೆಗೆ ಬಂತು. ಕೈಯಲ್ಲಿದ್ದ, ಮಡಿಕೆ ಉಜ್ಜುವ ಮೂಳೆಕಡ್ಡಿ ಕೆಳಗೆ ಬಿತ್ತು. ನೀರಿನ ಶೀಶೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡೆ ಅಂತ ಬರೆದಿದ್ದೀಯ.

ಮನೆಗೆ ಬಂದು ನಾನೂ ಮಾಡಿ ನೋಡಿದೆ. ಕಣ್ಣಿಗೆ ಹಾಕುವ ಔಷಧಿಯ ಶೀಶೆಗೆ ನೀರು ತುಂಬಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಗಡಿಯಾರ ನೋಡುತ್ತಾ ನಿಂತೆ. ನೀರು ಬೆಚ್ಚಗಾಗಲು ನಾಲ್ಕು ನಿಮಿಷ ಬೇಕಾಯಿತು.

ಒಂದು ಕ್ಷಣದಲ್ಲಿ ಮುಗಿಯಿತು ಅಂದಿದ್ದೆಯಲ್ಲ? ನನ್ನನ್ನು ಕರೆಸುವಷ್ಟು ಹೊತ್ತಿರಲಿಲ್ಲ ಅಂದಿದ್ದೆಯಲ್ಲ? ನೀರು ಬೆಚ್ಚಗೆ ಮಾಡಲು ಹೊತ್ತಿತ್ತು. ಶೀಶೆ ಹುಡುಕಲು ಹೊತ್ತಿತ್ತು. ಹೆಸರು ಯೋಚಿಸಲು ಹೊತ್ತಿತ್ತು. ಹೆತ್ತವಳನ್ನು ಕರೆಯಲು ಮಾತ್ರ ಹೊತ್ತಿರಲಿಲ್ಲ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿ ಇಳಿಯಲು ಲಿಫ್ಟಿಗೆ ಎಷ್ಟು ಸೆಕೆಂಡು ಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಲಿಕುರ್ಚಿಯಲ್ಲಿ ಕೂರುವಷ್ಟು ಶಕ್ತಿ ನನಗಿತ್ತು. ಹಿಂದಿನ ದಿನ ನೀನೇ ಕೂರಿಸಿಕೊಂಡು ಮೇಲೆ ಕರೆದುಕೊಂಡು ಹೋಗಿದ್ದೆ. ಗಾಜಿನ ಪೆಟ್ಟಿಗೆಯ ತೂತಿನಲ್ಲಿ ಕೈ ಹಾಕಿಸಿ, “ಬೆರಳು ಕೊಡು, ಹಿಡ್ಕೊಳ್ತಾನೆ” ಅಂದಿದ್ದೆ.

ಇಡೀ ವಾರ್ಡು ನಿನ್ನನ್ನು ಸಿಸ್ಟರ್, ಸಿಸ್ಟರ್ ಅಂತ ಕರೆಯುತ್ತದೆ. ಒಡಹುಟ್ಟಿದವಳಿಗೆ ಏನಾದೆ ನೀನು?

ನನಗೆ ಎರಡು ಉತ್ತರ ಬೇಕು. ಪುಸ್ತಕದಿಂದ ಆ ಸಾಲು ಹೊಡೆಸಿದೆಯಾ? ಎದೆಬಡಿತ ಇಳಿದಾಗಿನಿಂದ ನಿಲ್ಲುವವರೆಗೆ ಎಷ್ಟು ನಿಮಿಷ? ರಕ್ಷಣೆ, ಸಂಸ್ಕಾರ, ಫಾದರ್ ಏನಂದರು, ಇದಾವುದೂ ಬೇಡ. ನಿಮಿಷ ಹೇಳು.


ಆಗಸ್ಟ್ 24

ತಂಗಿಗೆ,

ಪುಸ್ತಕದ ವಿಷಯ ಕೇಳಿದೆ. ಶನಿವಾರ ಡ್ಯೂಟಿ ಮುಗಿಸಿ ಫಾದರ್ ಹತ್ತಿರ ಹೋದೆ. ನಿನಗೆ ನೆನಪಿರಬಹುದು, ಅದೇ ಫಾದರ್. ಈಗ ಎಂಬತ್ತು ದಾಟಿದೆ, ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ. ತಾಯಿಯ ಇಚ್ಛೆ ಹೀಗಿದೆ, ಆ ಸಾಲು ತೆಗೆಯಬೇಕಂತೆ ಅಂದೆ.

“ತೆಗೆಯೋಕೆ ಇದೇನು ಶಾಲೆ ಹಾಜರಿ ಪುಸ್ತಕಾನಾ? ಆದದ್ದು ಆಗಿದೆ, ಬರೆದಿದೆ” ಅಂದರು.

ಆಮೇಲೆ ಕನ್ನಡಕ ತೆಗೆದು, “ತಾಯೀನ ಕೇಳಿದ್ದೆಯೇನಮ್ಮ?” ಅಂದರು.

“ಹೊತ್ತಿರಲಿಲ್ಲ ಫಾದರ್” ಅಂದೆ.

ಅವರು ಕನ್ನಡಕ ಒರೆಸಿ ಹಾಕಿಕೊಂಡರು. “ಕಾಯಿಲೆ ಬಿದ್ದವರಿಗೆ ಸುಳ್ಳು ಹೇಳೋದು ನಿಮ್ಮ ಕೆಲಸದಲ್ಲಿ ರೂಢಿಯಾಗಿರುತ್ತೆ. ನಾನು ಕಾಯಿಲೆಯವನಲ್ಲ” ಅಂದರು. ನನಗೆ ಅವಮಾನವಾಯಿತು. ಎದ್ದು ಬಂದೆ.

ಇಷ್ಟೇ ಆದದ್ದು. ಸಾಲು ಹೊಡೆಯುವುದಿಲ್ಲವಂತೆ. ಬೇಕಾದರೆ ನೀನೇ ಬರೆದು ಕೇಳು.

ಇಲ್ಲಿ ಕೆಲಸ ಬಹಳ. ಇಬ್ಬರು ನರ್ಸುಗಳು ರಜೆಯಲ್ಲಿದ್ದಾರೆ.

ಅಕ್ಕ


ಆಗಸ್ಟ್ 29

ಅಕ್ಕ,

ಪುಸ್ತಕದ ಬಗ್ಗೆ ಒಂದು ಪುಟ ಬರೆದಿದ್ದೀಯ. ನಿಮಿಷದ ಬಗ್ಗೆ ಒಂದಕ್ಷರ ಇಲ್ಲ. ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು.

ನನ್ನ ಕಡೆ ಏನಾಯಿತು ಅಂತಲೂ ಕೇಳು. ಈ ವಿಷಯ ನಮ್ಮ ಪಾಸ್ಟರ್ ಹತ್ತಿರ ತೆಗೆದುಕೊಂಡು ಹೋದೆ. ಭಾನುವಾರ ಆರಾಧನೆ ಮುಗಿದಿತ್ತು, ನಮ್ಮವರು ಕೀಬೋರ್ಡಿಗೆ ಮುಸುಕು ಹಾಕುತ್ತಿದ್ದರು. ಪಾಸ್ಟರ್ ನಕ್ಕರು. ನಕ್ಕರು, ಅಕ್ಕ! “ಅದಕ್ಕ್ಯಾಕೆ ತಲೆ ಕೆಡಿಸ್ಕೋತೀರಿ ಸಹೋದರಿ? ಅವರದ್ದು ಬರೀ ಸಂಪ್ರದಾಯ. ಅದು ಲೆಕ್ಕಕ್ಕಿಲ್ಲ. ಮಗೂ ತಲೆ ಒದ್ದೆ ಆಯ್ತು, ಅಷ್ಟೇ” ಅಂದರು.

ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅದೇ ಮಾತನ್ನು ನಾನು ಅಪ್ಪನಿಗೆ ಹೇಳಿದ್ದೆ ಅಂತ ಆಮೇಲೆ ಹೊಳೆಯಿತು. ಇದನ್ನು ನಿನ್ನನ್ನು ಖುಷಿಪಡಿಸಲು ಬರೆಯುತ್ತಿಲ್ಲ.

ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ಇನ್ನೊಂದು ಸೇರಿಸಿದರು: “ಮನೇಲಿ ಗಂಡ ಹೆಂಡ್ತಿ ಇಬ್ಬರದ್ದೂ ಪೂರ್ತಿ ನಂಬಿಕೆ ಇದ್ದಿದ್ರೆ ಮಗು ಉಳೀತಿತ್ತು. ಎಲ್ಲೋ ಅಡ್ಡಿ ಇದೆ, ಪರೀಕ್ಷಿಸ್ಕೊಳ್ಳಿ.”

ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒದ್ದೆ. ಅದು ಹೋಗಿ ಡ್ರಮ್ಮಿಗೆ ಬಡಿಯಿತು. ಎಲ್ಲರೂ ತಿರುಗಿ ನೋಡಿದರು. ನಮ್ಮವರು ನನ್ನ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಬಂದರು. ಅವರು ಕೀಬೋರ್ಡ್ ನುಡಿಸಲು ಹೋಗದೆ ಆಗಿರುವುದು ಒಂದೇ ವಾರ. ಮೂರು ವಾರದಷ್ಟು ಉದ್ದವಾಗಿತ್ತು.

ನಿಮ್ಮವರಿಗೆ ನನ್ನ ಮಗ ನೀರು ಬಿದ್ದಿದ್ದರಿಂದ ಉಳಿದ. ನಮ್ಮವರಿಗೆ ನನ್ನ ನಂಬಿಕೆ ಸಾಲದೆ ಸತ್ತ. ನಿಮ್ಮೆಲ್ಲರ ನಡುವೆ ಅವನು ಒಂದು ಮಗು ಅನ್ನುವುದೇ ಯಾರಿಗೂ ನೆನಪಿಲ್ಲ.

ನಿಮಿಷ, ಅಕ್ಕ. ಅದು ಬರುವ ತನಕ ಇನ್ನೊಂದು ಕಾಗದ ನನ್ನಿಂದ ಬರುವುದಿಲ್ಲ.


ಅಕ್ಟೋಬರ್ 2

ಪಟಾಕಿ,

ಐದು ವಾರ ಸುಮ್ಮನಿದ್ದೆ. ನಾಲ್ಕು ಸಲ ಬರೆದು ಹರಿದೆ.

ಇಪ್ಪತ್ತೈದು ನಿಮಿಷ.

ಮೂರೂ ಕಾಲಿಗೆ ಡಾಕ್ಟರು, “ಇನ್ನು ಸಾಕು ಸಿಸ್ಟರ್, ಹಿಂಸೆ ಕೊಡೋದು ಬೇಡ” ಅಂದು ಕೊಳವೆ ತೆಗೆದರು. ತಾಯಿಗೆ ತಿಳಿಸಿ ಅಂತಲೂ ಅಂದರು. ಹೂಂ ಅಂದೆ. ಅವರು ಇನ್ನೊಂದು ಮಗುವಿನ ಹತ್ತಿರ ಹೋದರು. ಎದೆ ಇನ್ನೂ ಬಡಿಯುತ್ತಿತ್ತು, ನಿಧಾನವಾಗಿ. ಅವನನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ. ಲಿಫ್ಟು ನಡೆಯುತ್ತಿತ್ತು. ಗಾಲಿಕುರ್ಚಿ ನಿನ್ನ ಹಾಸಿಗೆಯ ಪಕ್ಕದಲ್ಲೇ ಇತ್ತು. ಎಲ್ಲ ನನಗೆ ಗೊತ್ತಿತ್ತು.

ಬಾಗಿಲ ತನಕ ಹೋದೆ. ಅಲ್ಲಿ ನಿಂತೆ. ನಿನ್ನ ಹತ್ತಿರ ತಂದರೆ ಜ್ಞಾನಸ್ನಾನಕ್ಕೆ ನಿನ್ನನ್ನು ಕೇಳಲೇಬೇಕು, ನೀನು ಬೇಡ ಅನ್ನುತ್ತೀಯ, ನಿನ್ನ ಮುಖ ನೋಡಿಕೊಂಡು ನಾನು ಮಾಡಲಾರೆ ಅನ್ನಿಸಿತು. ಅದಕ್ಕೇ ಹಿಂದಕ್ಕೆ ತಿರುಗಿದೆ. ಶೀಶೆ ತೆಗೆದುಕೊಂಡೆ. ಮಿಕ್ಕದ್ದು ನಿನಗೆ ಗೊತ್ತು.

ಅಷ್ಟಕ್ಕೇ ನಿಂತಿದ್ದರೆ, ನಂಬಿಕೆಗಾಗಿ ಮಾಡಿದೆ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಆದರೆ ನೀರು ಹಾಕಿದಾಗ ಮೂರೂ ಇಪ್ಪತ್ತೈದು. ಅವನು ಹೋದದ್ದು ಮೂರೂ ನಲವತ್ತಕ್ಕೆ. ಆ ಹದಿನೈದು ನಿಮಿಷಕ್ಕೆ ನನ್ನ ಹತ್ತಿರ ಯಾವ ಧರ್ಮವೂ ಇಲ್ಲ. ಆಗಲೂ ಕೆಳಗೆ ತರಬಹುದಿತ್ತು, ಯಾವ ಅಡ್ಡಿಯೂ ಇರಲಿಲ್ಲ. ತರಲಿಲ್ಲ. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಅವನನ್ನು ಎದೆಗೊತ್ತಿಕೊಂಡೆ. ಹತ್ತೊಂಬತ್ತು ವರ್ಷ ಬೇರೆಯವರ ಮಕ್ಕಳನ್ನು ಎತ್ತಿ ಎತ್ತಿ ಅವರವರ ಅಮ್ಮಂದಿರ ಕೈಗೆ ಕೊಟ್ಟಿದ್ದೇನೆ. ನಲವತ್ತೊಂದು ವರ್ಷ, ನನ್ನದು ಅಂತ ಒಂದಿಲ್ಲ. ಈ ಒಂದನ್ನು ಕೊಡಲು ಮನಸ್ಸು ಬರಲಿಲ್ಲ. ಇದು ದೇವರ ಮಾತಲ್ಲ ಕಣೇ. ನಿನ್ನ ಮಗನನ್ನು ನಾನು ಹದಿನೈದು ನಿಮಿಷ ಕದ್ದೆ. ಆಮೇಲೆ ಕೆಳಗೆ ಬಂದು ಸುಳ್ಳು ಹೇಳಿದೆ. ಆಮೇಲೆ ರಕ್ಷಣೆಯನ್ನು ಅಡ್ಡ ಹಿಡಿದು ನಿನ್ನ ಮೇಲೇ ಸಿಟ್ಟು ಮಾಡಿದೆ.

ನೀನು ಕೇಳದಿದ್ದರೂ ಹೇಳುತ್ತೇನೆ. ಅವನು ಅಳಲಿಲ್ಲ. ನೀರು ಬಿದ್ದಾಗ ಹುಬ್ಬು ಗಂಟು ಹಾಕಿದ, ಥೇಟ್ ನೀನೇ. ಒಂದು ಸಲ ಎಡಗಣ್ಣು ಮಾತ್ರ ತೆರೆದ. ನನ್ನ ಸಮವಸ್ತ್ರದ ಗುಂಡಿಯ ಮೇಲೆ ಅವನ ಕೈ ಇತ್ತು. ಬಾಯಿ ಏನನ್ನೋ ಹುಡುಕುವಂತೆ ಎರಡು ಸಲ ಆಡಿತು. ಹುಡುಕಿದ್ದು ನನ್ನನ್ನಲ್ಲ.

ಇನ್ನೊಂದು ವಿಷಯ. ಹೋದ ಮಂಗಳವಾರ ವಾರ್ಡಿನಲ್ಲಿ ಇಂಥದೇ ಒಂದು ಮಗು, ಹೆಣ್ಣು, ಎಂಟುನೂರು ಗ್ರಾಮ್. ತಾಯಿಗೆ ಜ್ವರ, ಮೇಲೆ ತರಕೂಡದು ಅಂತ ಮೇಟ್ರನ್ ಆರ್ಡರ್. ನಾನು ಓಡಿದೆ. ಕೆಳಗೆ ಹೋಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸಲೈನ್ ಬಾಟಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ತಳ್ಳಿಕೊಂಡು ಬಂದು ಮಗುವನ್ನು ಮಡಿಲಿಗೆ ಹಾಕಿದೆ. ಎಂಟು ನಿಮಿಷ ಸಿಕ್ಕಿತು ಅವಳಿಗೆ. ಅವಳು ಯಾವ ಧರ್ಮ, ಯಾವ ಚರ್ಚು, ಫೈಲಿನಲ್ಲಿ ಬರೆದಿರುತ್ತದೆ. ನೋಡಲಿಲ್ಲ. ನೀರಿನ ಶೀಶೆ ಮುಟ್ಟಲಿಲ್ಲ. ಮೇಟ್ರನ್ ಮೆಮೊ ಕೊಟ್ಟಿದ್ದಾರೆ. ಸಹಿ ಹಾಕಿ ಇಸಿದುಕೊಂಡೆ.

ಕ್ಷಮಿಸು ಅಂತ ಬರೆಯುವುದಿಲ್ಲ. ಕೇಳುವ ಮುಖ ನನಗಿಲ್ಲ.

ಅಕ್ಕ


ನವೆಂಬರ್ 15

ಅಕ್ಕ,

ಓದಿದೆ. ಓದಿ ನಿನ್ನ ಕಾಗದವನ್ನು ಅಂಗಡಿಯ ರಟ್ಟಿನ ರಾಶಿಯ ಕೆಳಗೆ ಹಾಕಿ ಭಾರದ ಕಲ್ಲು ಇಟ್ಟೆ. ಆರು ವಾರ ಅಲ್ಲೇ ಇತ್ತು. ಆ ಇನ್ನೊಬ್ಬ ತಾಯಿಯ ಕಥೆಗೆ ಏನನ್ನಲಿ? ಒಳ್ಳೆಯದಾಯಿತು ಅವಳಿಗೆ. ನನಗೆ ಹೊಟ್ಟೆ ಉರಿಯಿತು. ಗುರುತು ಪರಿಚಯ ಇಲ್ಲದವಳಿಗಾಗಿ ಬಾಟಲಿ ಹಲ್ಲಲ್ಲಿ ಕಚ್ಚಿಕೊಂಡು ಓಡಿದೆ. ನನಗಾಗಿ ಒಂದು ಮೆಟ್ಟಿಲು ಇಳಿಯಲಿಲ್ಲ.

ಹೋದ ಗುರುವಾರ ನಾನು ನಿಮ್ಮೂರಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ನಮ್ಮವರು, “ಜೊತೆಗೆ ಬರ್ಲಾ?” ಅಂದರು. ಬೇಡ ಅಂದೆ. ಸೀದಾ ಚರ್ಚಿಗೆ ಹೋಗಿ ಫಾದರ್ ಮುಂದೆ ನಿಂತೆ. ಗುರುತು ಹಿಡಿದರು. ಬೈಯುತ್ತಾರೆ ಅಂತ ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಅದಕ್ಕೂ ಸಿಟ್ಟು ಬಂತು.

“ಪುಸ್ತಕ ತೋರ್ಸಿ” ಅಂದೆ.

ತೋರಿಸಿದರು. ಅದರ ಹೊಲಿಗೆ ಬಿಟ್ಟಿದೆ, ಬೆನ್ನಿಗೆ ಯಾರೋ ಟೇಪ್ ಅಂಟಿಸಿ ಹಾಳು ಮಾಡಿದ್ದಾರೆ. ನನ್ನ ಮಗನ ಸಾಲು ಬಲಗಡೆಯ ಪುಟದಲ್ಲಿ, ಕೆಳಗಿನಿಂದ ಮೂರನೆಯದು. ಹೆಸರು, ಹುಟ್ಟಿದ ದಿನ, ತಂದೆ, ತಾಯಿ. ತಾಯಿ ಅನ್ನುವ ಕಡೆ ನನ್ನ ಹೆಸರನ್ನು ಪೂರ್ತಿ ಬರೆದಿದ್ದಾರೆ. ಈ ಲೋಕದಲ್ಲಿ ಬೇರೆ ಯಾವ ಕಾಗದದಲ್ಲೂ ನಾನು ಅವನ ತಾಯಿ ಅಂತ ಹೀಗೆ ಬರೆದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ನಾನು ಬರೀ ಹಾಸಿಗೆ ನಂಬರು.

“ಹೊಡೆದು ಹಾಕಬೇಕೇನಮ್ಮ?” ಅಂದರು ಫಾದರ್. ಪೆನ್ನು ನನ್ನ ಕಡೆಗೇ ಚಾಚಿದರು. ನಿನಗೆ ಆಗುವುದಿಲ್ಲ ಅಂದವರು ನನಗೆ ಪೆನ್ನು ಕೊಟ್ಟರು.

“ಮೊದಲು ನಂಗೆ ಒಂದು ಹೇಳಿ. ಈ ನೀರು ಬೀಳದೇ ಇದ್ದಿದ್ರೆ ಅವನು ಎಲ್ಲಿರ್ತಿದ್ದ?”

“ಈಗ ಎಲ್ಲಿದಾನೋ ಅಲ್ಲೇ” ಅಂದರು.

“ಮತ್ತೆ ನೀರು ಯಾಕೆ? ಇಷ್ಟು ಪುಸ್ತಕ ಯಾಕೆ? ನನ್ನಪ್ಪ ಯಾಕೆ ನನ್ನ ಜೊತೆ ಮಾತಾಡದೆ ಸತ್ತ?” ಅಂತ ಕಿರುಚಿದೆ. ಅವರ ಕಿವಿಯ ಯಂತ್ರ ಕುಯ್ ಅಂತು. ಅವರು ಅದನ್ನು ಸರಿಮಾಡಿಕೊಂಡು, “ನಿಮ್ಮಪ್ಪನ್ನ ನಾನೇ ತಡೀಬೇಕಿತ್ತು. ತಡೀಲಿಲ್ಲ” ಅಂದರು. ಅಷ್ಟು ವಯಸ್ಸಾದವರು ನನ್ನ ಮುಂದೆ ತಲೆ ತಗ್ಗಿಸಿ ಕೂತರು. ಇನ್ನು ಯಾರ ಮೇಲೆ ಕೂಗಾಡುವುದು?

ಹೊಡೆಯಲಿಲ್ಲ. ನೀನು ಗೆದ್ದೆ ಅಂದುಕೊಳ್ಳಬೇಡ. ಆ ಹೆಸರು ಅವನದಲ್ಲ, ಅವನ ಹೆಸರು ನನಗೊಬ್ಬಳಿಗೇ ಗೊತ್ತು. ಆದರೂ ಆ ಸಾಲು ಅಲ್ಲಿರಲಿ.

ಅಲ್ಲಿಂದ ನಿನ್ನ ಆಸ್ಪತ್ರೆಯ ಗೇಟಿನವರೆಗೆ ಬಂದೆ. ಮಧ್ಯಾಹ್ನದ ಶಿಫ್ಟು ಬದಲಾಗುವ ಹೊತ್ತು. ನೀನು ಹೊರಗೆ ಬಂದು ಔಷಧಿ ಅಂಗಡಿಯ ಮುಂದೆ ನಿಂತು ಚೀಟಿ ಓದುತ್ತಿದ್ದೆ. ಕೂದಲು ಬೆಳ್ಳಗಾಗಿದೆ. ರಸ್ತೆ ದಾಟಿದರೆ ನೀನು. ದಾಟಲಿಲ್ಲ. ದಾಟಿದ್ದರೆ ಹೊಡೆಯುತ್ತಿದ್ದೆನೋ ತಬ್ಬಿಕೊಳ್ಳುತ್ತಿದ್ದೆನೋ ಗೊತ್ತಾಗಲಿಲ್ಲ. ಬಸ್ಸು ಹತ್ತಿದೆ.

ಈಗ ನಾನು ಬಚ್ಚಿಟ್ಟದ್ದನ್ನು ಕೇಳು. ಮೊದಲ ದಿನವೇ ಅವನ ಬಣ್ಣ ನೋಡಿ ನನಗೆ ಭಯವಾಗಿತ್ತು. ನಮ್ಮ ಸಭೆ, ನಮ್ಮ ಉಪದೇಶ, ಎಲ್ಲ ಬಾಯಿಪಾಠ ಇದ್ದರೂ ಆ ಭಯ ಹೋಗಲಿಲ್ಲ. ಗಾಜಿನ ಪೆಟ್ಟಿಗೆಯ ಹತ್ತಿರ ನೀನು ನನ್ನ ಕೈ ಹಿಡಿದು ನಿಂತಿದ್ದೆಯಲ್ಲ, ಆಗ “ಅಕ್ಕ, ನಮ್ಮ ಹಳೇ ಚರ್ಚಿನ ಹಾಗೆ ಇವನಿಗೂ ಮಾಡಿಬಿಡು” ಅಂತ ಕೇಳಬೇಕು ಅನ್ನಿಸಿತು. ನಾಲಿಗೆ ತುದಿಗೆ ಬಂದಿತ್ತು. ಒಂಬತ್ತು ವರ್ಷ ಹಟ ಮಾಡಿ ಈಗ ಯಾವ ಬಾಯಲ್ಲಿ ಕೇಳುವುದು ಅಂತ ನುಂಗಿಕೊಂಡೆ. ನೀನು ಹಂಗಿಸುತ್ತೀಯ ಅಂದುಕೊಂಡೆ.

ಮರುದಿನ ನೀನು ಕೆಳಗೆ ಬಂದು ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಅಳುತ್ತಾ ಹೂಂ ಅನ್ನುತ್ತಿದ್ದೆ ಅಕ್ಕ. ಅವನು ನನ್ನ ತೊಡೆಯ ಮೇಲಿರುತ್ತಿದ್ದ, ನೀರು ನಿನ್ನ ಕೈಯಲ್ಲಿರುತ್ತಿತ್ತು.

ಇದನ್ನು ಓದಿ ನಿನಗೆ ನಿದ್ದೆ ಬರಬಾರದು ಅಂತಲೇ ಬರೆದಿದ್ದೇನೆ. ನನಗೂ ಬರುತ್ತಿಲ್ಲ.

ಇಪ್ಪತ್ತಮೂರನೆಯ ತಾರೀಖು ಭಾನುವಾರ. ನಾನು ಯಾವ ಆರಾಧನೆಗೂ ಹೋಗುತ್ತಿಲ್ಲ, ನೀನೂ ಅವತ್ತು ಪೂಜೆ ತಪ್ಪಿಸು. ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಸಲ ರಸ್ತೆ ದಾಟುತ್ತೇನೆ. ಬಾಗಿಲು ಹಾಕಿಕೊಂಡು ಇಡೀ ದಿನ ನಿನ್ನ ಮೇಲೆ ಕೂಗಾಡುತ್ತೇನೆ. ನೀನು ಒಂದೂ ಎದುರು ಮಾತಾಡದೆ ಕೂತು ಕೇಳಬೇಕು.

ತಂಗಿ